ಪಾತ್ರೆ ತೊಳೆಯೋರು ಯಾರು?

ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತೇವೆ ಎನ್ನುವ ಮಾತಿನ ಮೂಲ ತೈತ್ತಿರೀಯ ಸಂಹಿತೆಯಲ್ಲಿದೆ. ಯಜ್ಞದಿಂದ ದೇವಋಣ, ಅಧ್ಯಯನದಿಂದ ಋಷಿಋಣ, ಸಂತಾನದಿಂದ ಪಿತೃಋಣ ತೀರುತ್ತವೆ. ತಾಯಿಗೆಂದು ಅಲ್ಲಿ ಬೇರೆ ಲೆಕ್ಕವಿಲ್ಲ. ಅವಳ ಋಣ ತೀರಿಸಲಾಗದ್ದು, ಅದಕ್ಕೇ ಬರೆದಿಲ್ಲ ಎಂದು ಬಲ್ಲವರೊಬ್ಬರು ನನಗೆ ಸಮಾಧಾನ ಹೇಳಿದರು. ನನಗೆ ಆ ಸಮಾಧಾನದ ಮೇಲೇ ಅನುಮಾನ. ತೀರದ ಸಾಲ ಅಂದುಬಿಟ್ಟರೆ ಕಂತು ಕಟ್ಟುವ ಗೋಜೂ ಇಲ್ಲವಲ್ಲ!

ನಮ್ಮವ್ವ ಕಳಸದ ಕಡೆಯ ಕಾಫಿ ತೋಟವೊಂದರಲ್ಲಿ ಆಳು. ಚಳಿಗಾಲ ಬಂತೆಂದರೆ ಅರೇಬಿಕಾ ಹಣ್ಣು, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಮಳೆ ಹಿಡಿದರೆ ಕಂಬಳಿ ಕೊಪ್ಪೆ ಹಾಕಿಕೊಂಡು ಕಳೆ, ಚಿಗುರು, ಕಾಲಿಗೆ ಇಂಬಳ. ಕೊಯ್ಲಿನಲ್ಲಿ ಕಿಲೋ ಲೆಕ್ಕ. ಕೊಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಒಮ್ಮೆ ಎಳೆದರೆ ಹಸುರು ಕಾಯಿಯೂ ಚೀಲಕ್ಕೆ ಬಿದ್ದು ತೂಕ ಏರುತ್ತದೆ. ಅವ್ವ ಹಾಗೆ ಎಳೆದವಳಲ್ಲ. ಕೆಂಪಗಾದದ್ದನ್ನು ಮಾತ್ರ ಒಂದೊಂದಾಗಿ ಬಿಡಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ ಬಗ್ಗಿ ಉದುರು ಹೆಕ್ಕುವ ಕೆಲಸ ಬೇರೆ. ನೆಲದಲ್ಲಿ ಬಿಟ್ಟ ಹಣ್ಣಿನೊಳಗೆ ಕಾಯಿಕೊರಕ ಉಳಿದು ಬರುವ ವರ್ಷದ ಫಸಲಿಗೆ ಬರುತ್ತದೆ. "ಬರೋ ವರ್ಷ ನಾವೇ ಇರ್ತೀವೋ ಇಲ್ವೋ, ಗಿಡ ಇರುತ್ತಲ್ಲ" ಅನ್ನುತ್ತಿದ್ದಳು. ತೋಟ ಅವಳದ್ದಾಗಿರಲಿಲ್ಲ, ಬರೋ ವರ್ಷದ ಫಸಲೂ ಅವಳದ್ದಲ್ಲ. ಫಲ ಬಯಸದ ಕರ್ಮದ ಬಗ್ಗೆ ಆಮೇಲೆ ಎಷ್ಟೋ ಪ್ರವಚನ ಕೇಳಿದ್ದೇನೆ. ಆದರೆ ಸಂಜೆ ತೂಕದ ಹೊತ್ತಿಗೆ ಇದೇ ಅವ್ವ ಲೆಕ್ಕ ಬರೆಯುವ ರೈಟರ್ ಪಕ್ಕ ನಿಂತು ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳುತ್ತಿರಲಿಲ್ಲ. ಕೂಲಿಯನ್ನು ಬಿಟ್ಟುಕೊಡುವುದು ವೈರಾಗ್ಯ ಎಂದು ಅವಳನ್ನು ಯಾರಿಂದಲೂ ಒಪ್ಪಿಸಲಾಗುತ್ತಿರಲಿಲ್ಲ.

ರಜೆ ಸಿಕ್ಕರೆ ಹೊರನಾಡಿಗೆ ಹೊರಡುತ್ತಿದ್ದೆವು. ಬಂದವರಿಗೆಲ್ಲ ಊಟ ಹಾಕುವ ಅನ್ನಪೂರ್ಣೆ ಅಲ್ಲಿನವಳು. ಪಂಕ್ತಿಯಲ್ಲಿ ಕೂತು ಉಂಡು ಎದ್ದ ಮೇಲೆ ಒಮ್ಮೆ ಅವ್ವ ಕೇಳಿದಳು: "ಅಮ್ಮ ಇಷ್ಟು ಜನಕ್ಕೆ ಹಾಕ್ತಾಳಲ್ಲೇ, ಪಾತ್ರೆ ತೊಳೆಯೋರು ಯಾರು?" ನಾನು ನಕ್ಕೆ. ಅವಳು ನಗಲಿಲ್ಲ. ಅವಳು ನನಗೆ ಕಲಿಸಿದ ಧರ್ಮವೆಲ್ಲ ಆ ಪ್ರಶ್ನೆಯಲ್ಲಿದೆ. ಉಣ್ಣುವಾಗ ದೇವಿಗೆ ಕೈಮುಗಿ, ಬೇಡವೆನ್ನುವುದಿಲ್ಲ. ಆಮೇಲೆ ಹಿತ್ತಲ ಕಡೆಗೂ ಒಂದು ಸಲ ನೋಡು.

ಅವ್ವ ತೀರಿಕೊಂಡ ಮೇಲೆ ನೆಂಟರು ಗಯಾಕ್ಕೆ ಹೋಗಿಬನ್ನಿ ಅಂದರು. ಅಲ್ಲಿ ಮಾತೃಷೋಡಶಿ ಎಂದು ತಾಯಿಗೇ ಹದಿನಾರು ಪಿಂಡ ಇಡುತ್ತಾರೆ. ಬಸಿರಿನ ಸಂಕಟ, ಹೆರಿಗೆ ನೋವು, ನಿದ್ದೆಗೆಟ್ಟ ರಾತ್ರಿ ಇವನ್ನೆಲ್ಲ ನೆನೆದು ಕ್ಷಮೆ ಕೇಳುವ ವಿಧಿ. ಕೇಳಿದರೆ ಗಂಟಲು ಕಟ್ಟುತ್ತದೆ. ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ ಪೀಠ ಸ್ಥಾಪಿಸಿದ ಶಂಕರರ ಕಥೆಯೂ ಹಾಗೇ. ಎಲ್ಲ ಸಂಬಂಧ ಹರಿದುಕೊಂಡ ಸಂನ್ಯಾಸಿ ಕೊಟ್ಟ ಮಾತಿಗೆ ಕಾಲಡಿಗೆ ಮರಳಿ, ಬಂಧುಗಳು ಕೈಬಿಟ್ಟರೂ ತಾಯಿ ಆರ್ಯಾಂಬೆಯ ಚಿತೆಗೆ ತಾವೇ ಬೆಂಕಿ ಕೊಟ್ಟರೆಂದು ಶಂಕರವಿಜಯಗಳು ಹೇಳುತ್ತವೆ. ಜಗತ್ತು ಮಿಥ್ಯೆ ಎಂದವರಿಗೂ ತಾಯಿಗೆ ಕೊಟ್ಟ ಮಾತು ಮಿಥ್ಯೆಯಾಗಲಿಲ್ಲ. ಅವರ ಬದುಕಿನ ಕಥೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಆದರೂ ಒಂದು ಕೊರತೆ ಕಾಣುತ್ತದೆ. ಈ ಕೃತಜ್ಞತೆಯೆಲ್ಲ ಗರ್ಭಕ್ಕೆ, ಎದೆಹಾಲಿಗೆ. ಮತ್ತು ಸತ್ತ ಮೇಲೆ. ಅವ್ವನ ಸೊಂಟ ನೋವಿಗೆ ಯಾವ ಪಿಂಡ? ನನ್ನ ಓದಿನ ಫೀಸು ಬಂದದ್ದು ಆ ಸೊಂಟದಿಂದ. ಅವಳಿಗೆ ಹಿಂತಿರುಗಿಸಲು ಅವಳಿಲ್ಲ. ಅವಳಂತೆ ದುಡಿಯುವವರಿದ್ದಾರೆ, ಋಣ ಅತ್ತ ತಿರುಗಬೇಕು ಎಂಬುದು ನನ್ನ ತೀರ್ಮಾನ.

ಈಗ ನಮ್ಮ ತೋಟಗಳಲ್ಲಿ ಹಣ್ಣು ಬಿಡಿಸುವ ಎಷ್ಟೋ ತಾಯಂದಿರು ಅಸ್ಸಾಮಿನಿಂದ ಬಂದವರು. ಕೂಸನ್ನು ಗಿಡದ ನೆರಳಲ್ಲಿ ಮಲಗಿಸಿ ಕೊಯ್ಯುತ್ತಾರೆ. ಬಹಳ ಹೆಂಗಸರು ದುಡಿಯುವ ತೋಟದಲ್ಲಿ ಕೂಸಿನ ಮನೆ ಇರಬೇಕೆಂಬ ಮಾತು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯಲ್ಲೇ ಬಂದಿತ್ತು. ಮೂಡಿಗೆರೆ, ಕಳಸದಲ್ಲಿ ತೋಟ ಇರುವ ಓದುಗರೇ, ತಾಯಿಯ ತಿಥಿ ಚೆನ್ನಾಗಿಯೇ ಮಾಡಿ. ಅದರ ಜೊತೆಗೆ ನಿಮ್ಮ ತೋಟದಲ್ಲಿ ಆ ಕೂಸುಗಳಿಗೊಂದು ಸೂರು, ನೋಡಿಕೊಳ್ಳಲು ಸಂಬಳದ ಒಬ್ಬ ಹೆಂಗಸು, ಇಷ್ಟನ್ನು ಈ ಕೊಯ್ಲಿಗೆ ಮೊದಲೇ ಮಾಡಿಸಿ.