ನಿಷ್ಪಕ್ಷಪಾತಿ ಯಾರು?

ತೀರ್ಪು ಸರಿಯೋ ತಪ್ಪೋ ಎಂದು ನಾವು ಗಂಟೆಗಟ್ಟಲೆ ವಾದಿಸುತ್ತೇವೆ. ತೀರ್ಪು ಕೊಡುವ ಜಾಗದಲ್ಲಿ ಕೂತವರು ಅಲ್ಲಿಗೆ ಹೇಗೆ ಬಂದರು, ಅವರನ್ನು ಕೂರಿಸುವ ಮೊದಲು ಯಾರನ್ನು ಎಬ್ಬಿಸಿ ಕಳಿಸಲಾಯಿತು ಎಂದು ಕೇಳುವುದು ಅಪರೂಪ. ಅಮೆರಿಕದಲ್ಲಿ ಈ ಪ್ರಶ್ನೆಗೆ ದೀರ್ಘವಾದ, ನೋವಿನ ಇತಿಹಾಸವಿದೆ. ಅಲ್ಲಿ ಗಂಭೀರ ಅಪರಾಧದ ಮೊಕದ್ದಮೆ ವಿಚಾರಣೆಗೆ ಬಂದರೆ, ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ಹೇಳುವವರು ಸಾಮಾನ್ಯವಾಗಿ ನ್ಯಾಯಾಧೀಶರಲ್ಲ. ಅದೇ ಸೀಮೆಯ ಸಾಮಾನ್ಯ ಜನ. ಅಂಗಡಿಯವರು, ಮೇಷ್ಟರು, ಡ್ರೈವರುಗಳು, ಗೃಹಿಣಿಯರು ಸೇರಿದ ಜ್ಯೂರಿ.

ಈ ಜನರನ್ನು ಆರಿಸುವ ಕ್ರಮ ಹೀಗಿದೆ. ಮತದಾರರ ಪಟ್ಟಿಯಂಥ ದಾಖಲೆಗಳಿಂದ ಹೆಸರು ಎತ್ತಿ ಹಲವರನ್ನು ನ್ಯಾಯಾಲಯಕ್ಕೆ ಕರೆಸುತ್ತಾರೆ. ಅವರನ್ನು ಪ್ರಶ್ನಿಸುತ್ತಾರೆ. ಆರೋಪಿಯ ನೆಂಟನೋ ಮೊದಲೇ ತೀರ್ಮಾನ ಮಾಡಿಕೊಂಡು ಬಂದವನೋ ಇದ್ದರೆ ನ್ಯಾಯಾಧೀಶರು ಅವನನ್ನು ಬಿಟ್ಟುಬಿಡುತ್ತಾರೆ. ಇದರಲ್ಲಿ ತಕರಾರಿಲ್ಲ. ಆದರೆ ಇದಲ್ಲದೆ ಎರಡೂ ಕಡೆಯ ವಕೀಲರಿಗೆ ಇನ್ನೊಂದು ಹಕ್ಕು ಇತ್ತು. ಹೆಚ್ಚಿನ ರಾಜ್ಯಗಳಲ್ಲಿ ಈಗಲೂ ಇದೆ. ನಿಗದಿತ ಸಂಖ್ಯೆಯಷ್ಟು ಮಂದಿಯನ್ನು ಯಾವ ಕಾರಣವನ್ನೂ ಹೇಳದೆ ಕೈಬಿಡುವ ಹಕ್ಕು ಅದು. ಕಪ್ಪು ಜನರನ್ನು ಜ್ಯೂರಿಯಿಂದ ಹೊರಗಿಡುವ ಕೆಲಸ ಬಹುಕಾಲ ನಡೆದದ್ದು ಈ ಬಾಗಿಲಿನಿಂದಲೇ.

ಅದಕ್ಕೂ ಮೊದಲು ಬಾಗಿಲು ಪೂರ್ತಿ ಮುಚ್ಚಿತ್ತು. ಬಿಳಿಯ ಗಂಡಸರು ಮಾತ್ರ ಜ್ಯೂರಿಯಲ್ಲಿರಬೇಕೆಂಬ ವೆಸ್ಟ್ ವರ್ಜೀನಿಯದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1880ರಲ್ಲಿ ರದ್ದು ಮಾಡಿತು. ಕಾನೂನು ಹೋಯಿತು, ಪದ್ಧತಿ ಹೋಗಲಿಲ್ಲ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದ ಆರೋಪ ಹೊತ್ತ ಇಬ್ಬರು ಬಿಳಿಯರನ್ನು, ಹನ್ನೆರಡು ಬಿಳಿಯ ಗಂಡಸರ ಜ್ಯೂರಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಬಿಡುಗಡೆ ಮಾಡಿತು. ಮರುವರ್ಷ ಆ ಇಬ್ಬರೇ ಪತ್ರಿಕೆಯೊಂದಕ್ಕೆ ಕೊಲೆಯನ್ನು ಒಪ್ಪಿಕೊಂಡರು. ಜ್ಯೂರಿಯ ಪ್ರಶ್ನೆ ಆರೋಪಿಯ ಪ್ರಶ್ನೆ ಮಾತ್ರವಲ್ಲ, ಅನ್ಯಾಯಕ್ಕೊಳಗಾದವರ ಪ್ರಶ್ನೆಯೂ ಹೌದೆಂಬುದನ್ನು ಈ ಪ್ರಕರಣ ನೆನಪಿಸುತ್ತದೆ.

1986ರಲ್ಲಿ ದೊಡ್ಡ ತಿರುವು ಬಂತು. ಕೆಂಟಕಿಯಲ್ಲಿ ಜೇಮ್ಸ್ ಬ್ಯಾಟ್‌ಸನ್ ಎಂಬ ಕಪ್ಪು ವ್ಯಕ್ತಿಯ ಮೇಲಿನ ಕನ್ನಗಳವಿನ ಮೊಕದ್ದಮೆಯಲ್ಲಿ ಸರಕಾರಿ ವಕೀಲರು ಅಲ್ಲಿದ್ದ ನಾಲ್ವರು ಕಪ್ಪು ಜನರನ್ನೂ ಕೈಬಿಟ್ಟಿದ್ದರು. ಉಳಿದದ್ದು ಬಿಳಿಯರ ಜ್ಯೂರಿ. ಬಣ್ಣ ನೋಡಿ ಜನರನ್ನು ಕೈಬಿಡುವುದು ಸಂವಿಧಾನಕ್ಕೆ ವಿರುದ್ಧ ಎಂದಿತು ಸುಪ್ರೀಂ ಕೋರ್ಟ್. ಸಂಶಯ ಬಂದಾಗ ಸರಕಾರಿ ವಕೀಲರು ಬಣ್ಣಕ್ಕೆ ಸಂಬಂಧಪಡದ ಕಾರಣವೊಂದನ್ನು ಕೊಡಬೇಕು, ಅದು ನಿಜವಾದ ಕಾರಣವೇ ಎಂದು ನ್ಯಾಯಾಧೀಶರು ನೋಡಬೇಕು ಎಂದು ನಿಯಮವಾಯಿತು. ಆ ಪೀಠದಲ್ಲಿದ್ದ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ತೀರ್ಪನ್ನು ಒಪ್ಪಿದರು. ಆದರೆ ಇದು ಸಾಲದು, ಕಾರಣ ಹೇಳದೆ ಕೈಬಿಡುವ ಹಕ್ಕನ್ನೇ ತೆಗೆಯಬೇಕು ಎಂದೂ ಬರೆದರು. ಕಾರಣ ಕೊಡುವುದು ಸುಲಭ ಎಂದು ಅವರಿಗೆ ಗೊತ್ತಿತ್ತು.

ಅವರ ಭಯ ಸುಳ್ಳಾಗಲಿಲ್ಲ. ಮರುವರ್ಷವೇ ಜಾರ್ಜಿಯದಲ್ಲಿ ಟಿಮೊತಿ ಫಾಸ್ಟರ್ ಎಂಬ ಕಪ್ಪು ಯುವಕನಿಗೆ ಬಿಳಿಯರೇ ತುಂಬಿದ್ದ ಜ್ಯೂರಿಯ ತೀರ್ಪಿನ ಮೇಲೆ ಮರಣದಂಡನೆಯಾಯಿತು. ಕೈಬಿಟ್ಟ ಒಬ್ಬೊಬ್ಬರಿಗೂ ಸರಕಾರಿ ವಕೀಲರು ಕಾರಣ ಕೊಟ್ಟಿದ್ದರು. 34 ವರ್ಷದ ಕಪ್ಪು ಮಹಿಳೆಯೊಬ್ಬರ ವಯಸ್ಸು ಆರೋಪಿಯ ವಯಸ್ಸಿಗೆ ಹತ್ತಿರ ಎಂಬುದು ಅಂಥ ಒಂದು ಕಾರಣ. ಆರೋಪಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅದೇ ಜ್ಯೂರಿಯಲ್ಲಿ 21 ವರ್ಷದ ಬಿಳಿಯರೊಬ್ಬರು ಕೂತಿದ್ದರು! 2006ರಲ್ಲಿ ಆ ವಕೀಲರ ಕಡತ ಹೊರಬಂತು. ಪಟ್ಟಿಯಲ್ಲಿ ಕಪ್ಪು ಜನರ ಹೆಸರುಗಳಿಗೆ ಹಸಿರು ಬಣ್ಣ ಬಳಿಯಲಾಗಿತ್ತು. 'ಖಂಡಿತ ಬೇಡ' ಎಂಬ ಪಟ್ಟಿಯ ಮೊದಲ ಐದು ಹೆಸರುಗಳೂ ಕಪ್ಪು ಜನರವೇ. ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಲು 2016 ಬರಬೇಕಾಯಿತು.

ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಕತೆ ಇನ್ನೂ ದೀರ್ಘ. 1996ರಲ್ಲಿ ನಡೆದ ನಾಲ್ವರ ಕೊಲೆಗಾಗಿ ಒಬ್ಬನೇ ಸರಕಾರಿ ವಕೀಲ ಅವರನ್ನು ಆರು ಸಲ ವಿಚಾರಣೆಗೆ ಗುರಿಪಡಿಸಿದರು. ಐದನೆಯ ವಿಚಾರಣೆ ಬಿಟ್ಟು ಉಳಿದವುಗಳ ಲೆಕ್ಕ ಹಾಕಿದರೆ, ಕೈಬಿಡಲು ಅವಕಾಶವಿದ್ದ 42 ಮಂದಿ ಕಪ್ಪು ಜನರಲ್ಲಿ 41 ಮಂದಿಯನ್ನು ಬಿಡಲು ಸರಕಾರದ ಕಡೆಯವರು ಮುಂದಾಗಿದ್ದರು. ಆರನೆಯ ವಿಚಾರಣೆಯಲ್ಲಿ, ತಾವು ಕೈಬಿಟ್ಟ ಐವರು ಕಪ್ಪು ಜನರಿಗೆ ಅವರು ಕೇಳಿದ ಪ್ರಶ್ನೆಗಳು 145. ಆಯ್ಕೆಯಾದ ಹನ್ನೊಂದು ಬಿಳಿಯರಿಗೆ ಕೇಳಿದ್ದು ಒಟ್ಟು 12. ಸುಪ್ರೀಂ ಕೋರ್ಟ್ 2019ರಲ್ಲಿ ಆ ಶಿಕ್ಷೆಯನ್ನು ರದ್ದು ಮಾಡಿತು. 2020ರಲ್ಲಿ ಆರೋಪಗಳನ್ನೇ ಕೈಬಿಡಲಾಯಿತು. ಅಷ್ಟರಲ್ಲಿ ಫ್ಲವರ್ಸ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಸೆರೆಮನೆಯಲ್ಲಿ ಕಳೆದಿದ್ದರು.

ಕತೆ ಬರೆಯುವವರಾದ ನಮಗೆ ಈ 145 ಮತ್ತು 12ರ ಲೆಕ್ಕ ಬಹಳ ಕಾಡುತ್ತದೆ. ಕಾರಣ ಹುಡುಕುತ್ತಾ ಹೋದರೆ ಯಾವ ಮನುಷ್ಯನಲ್ಲಾದರೂ ಒಂದು ಕಾರಣ ಸಿಕ್ಕೇ ಸಿಗುತ್ತದೆ. ಮೊದಲು ತೀರ್ಮಾನ, ಆಮೇಲೆ ಕಾರಣ: ನಮ್ಮೆಲ್ಲರ ಮನಸ್ಸು ಕೆಲಸ ಮಾಡುವುದೂ ಹಲವು ಸಲ ಹೀಗೆಯೇ. ಹಾಗೆ ಮಾಡುವವನು ಸುಳ್ಳು ಹೇಳುತ್ತಿದ್ದೇನೆಂದು ತಿಳಿದಿರಲೇಬೇಕೆಂದೂ ಇಲ್ಲ. ಆದ್ದರಿಂದ ಕಾರಣ ಚೆನ್ನಾಗಿದೆಯೇ ಎಂದು ನೋಡಿದರೆ ಸಾಲದು. ಅದೇ ಕಾರಣ ಇನ್ನೊಬ್ಬನಲ್ಲಿದ್ದಾಗ ಅವನನ್ನೂ ಎಬ್ಬಿಸಿದಿರಾ ಎಂದು ಕೇಳಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕಪ್ಪು ಜನ ಜ್ಯೂರಿಯಲ್ಲಿ ಇರಲೇಬೇಕು ಎನ್ನುವವರು, ಅವರು ಬೇರೆ ಥರ ಯೋಚಿಸುತ್ತಾರೆಂದು ತಾವೇ ಒಪ್ಪಿದಂತಾಗಲಿಲ್ಲವೇ? ಹಾಗಾದರೆ ಅವರನ್ನು ಕೈಬಿಟ್ಟ ವಕೀಲರ ಎಣಿಕೆಯಲ್ಲಿ ತಪ್ಪೇನು? ಬಣ್ಣದಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎನ್ನುವುದಾದರೆ, ಹನ್ನೆರಡೂ ಮಂದಿ ಬಿಳಿಯರಾದರೆ ನಷ್ಟವೇನು? ಇದು ಬರೀ ಮಾತಿನ ಜಾಣತನವಲ್ಲ, ಉತ್ತರ ಕೊಡಬೇಕಾದ ಪ್ರಶ್ನೆ.

ನಿಷ್ಪಕ್ಷಪಾತ ಎಂಬ ಮಾತನ್ನು ನಾವು ಅನುಭವವಿಲ್ಲದಿರುವುದು ಎಂದು ತಿಳಿದುಬಿಟ್ಟಿದ್ದೇವೆ. ಪೊಲೀಸರು ದಾರಿಯಲ್ಲಿ ತಡೆದು ನಿಲ್ಲಿಸಿದ ಅನುಭವ ಇರುವವನು ಪಕ್ಷಪಾತಿ, ಒಮ್ಮೆಯೂ ತಡೆಯಲ್ಪಡದವನು ನಿಷ್ಪಕ್ಷಪಾತಿ ಎಂದು ಎಣಿಸುತ್ತೇವೆ. ಆದರೆ ತಡೆಯಲ್ಪಡದಿರುವುದೂ ಒಂದು ಅನುಭವವೇ. ಅದು ಬಹುಸಂಖ್ಯಾತರ ಅನುಭವವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಉರ್ದುವಿನಲ್ಲಿ ನ್ಯಾಯಕ್ಕೆ 'ಇನ್ಸಾಫ್' ಎನ್ನುತ್ತೇವೆ. ಅರಬಿಯಲ್ಲಿ ಅರ್ಧ ಎಂಬರ್ಥದ 'ನಿಸ್ಫ್' ಪದದ ಬಂಧು ಅದು. ಸಮಪಾಲು ಮಾಡುವುದು ಅದರ ಹುಟ್ಟಿನಲ್ಲೇ ಇದೆ. ಕಪ್ಪು ಜ್ಯೂರರ್ ಕಪ್ಪು ಆರೋಪಿಯ ಪರ ವೋಟು ಹಾಕಲು ಬರುವವನಲ್ಲ. ತಾನು ಕಂಡ ಲೋಕವನ್ನೂ ಆ ಕೋಣೆಗೆ ತಂದು ಎಲ್ಲರ ಜೊತೆ ಕೂತು ಸಾಕ್ಷ್ಯವನ್ನು ತೂಗಲು ಬರುವವನು. ಅವನು ಆರೋಪಿಯನ್ನು ತಪ್ಪಿತಸ್ಥ ಎನ್ನಲೂಬಹುದು. ಹಾಗೆಂದರೂ ಅವನ ಕುರ್ಚಿ ವ್ಯರ್ಥವಾಗಲಿಲ್ಲ.

ಫ್ಲಾರಿಡದ ಎರಡು ಕೌಂಟಿಗಳ ಮೊಕದ್ದಮೆಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಬೆಳಕು ಚೆಲ್ಲುತ್ತದೆ. ಆಯ್ಕೆಗೆ ಕರೆದವರಲ್ಲಿ ಒಬ್ಬ ಕಪ್ಪು ವ್ಯಕ್ತಿಯೂ ಇಲ್ಲದಿದ್ದಾಗ ಕಪ್ಪು ಆರೋಪಿಗಳಲ್ಲಿ ಶೇ. 81 ಮಂದಿಗೆ, ಬಿಳಿಯ ಆರೋಪಿಗಳಲ್ಲಿ ಶೇ. 66 ಮಂದಿಗೆ ಶಿಕ್ಷೆಯಾಗುತ್ತಿತ್ತು. ಕರೆದವರಲ್ಲಿ ಒಬ್ಬ ಕಪ್ಪು ವ್ಯಕ್ತಿಯಾದರೂ ಇದ್ದಾಗ ಈ ಅಂತರ ಹೆಚ್ಚುಕಡಿಮೆ ಅಳಿಸಿಹೋಗುತ್ತಿತ್ತು.

ಈ ನೋವು ನಮ್ಮ ನೆಲಕ್ಕೆ ಹೊಸದಲ್ಲ. 1827ರಲ್ಲಿ ಜಾರಿಗೆ ಬಂದ ಬ್ರಿಟಿಷರ ಜ್ಯೂರಿ ಕಾಯಿದೆಯ ಪ್ರಕಾರ ಹಿಂದೂ, ಮುಸ್ಲಿಮರ ವಿಚಾರಣೆಯಲ್ಲಿ ಕ್ರೈಸ್ತರು ಜ್ಯೂರಿಯಾಗಬಹುದಿತ್ತು. ಕ್ರೈಸ್ತನ ವಿಚಾರಣೆಯಲ್ಲಿ ಹಿಂದೂವಾಗಲಿ ಮುಸ್ಲಿಮನಾಗಲಿ ಕೂರುವಂತಿರಲಿಲ್ಲ. ರಾಜಾ ರಾಮಮೋಹನ ರಾಯರು ಇದನ್ನು ಪ್ರತಿಭಟಿಸಿದರು. ಎರಡೂ ಸಮುದಾಯದವರು ಸಹಿ ಹಾಕಿದ ಮನವಿ ಬ್ರಿಟಿಷ್ ಪಾರ್ಲಿಮೆಂಟಿಗೆ ಹೋಯಿತು. 1832ರಲ್ಲಿ ಆ ನಿರ್ಬಂಧ ತೊಲಗಿತು. ಆದರೂ 1908ರಲ್ಲಿ, ಮರಾಠಿಯಲ್ಲಿ ಬರೆದ ಲೇಖನಗಳಿಗಾಗಿ ಲೋಕಮಾನ್ಯ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದಾಗ ಜ್ಯೂರಿಯಲ್ಲಿದ್ದವರು ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು ಏಳಕ್ಕೆ ಎರಡು! ತಿಲಕರು ಮಾಂಡಲೆಗೆ ಹೋದರು. ಆ ಏಳು ಮಂದಿ ಬೇಕೆಂದೇ ಅನ್ಯಾಯ ಮಾಡಿದರೆಂದು ನಾವು ಹೇಳಬೇಕಾಗಿಲ್ಲ. ಅವರ ಮಟ್ಟಿಗೆ ಅವರು ಪ್ರಾಮಾಣಿಕರೇ ಇದ್ದಿರಬಹುದು. ಆದರೆ ಆಳುವವರ ಅನುಭವವೊಂದೇ ಆ ಕೋಣೆಯಲ್ಲಿ ಬಹುಮತವಾಗಿತ್ತು.

ಅಮೆರಿಕ ಈಗಲೂ ದಾರಿ ಹುಡುಕುತ್ತಿದೆ. ಪೊಲೀಸರ ಮೇಲೆ ನಂಬಿಕೆ ಇಲ್ಲದಿರುವುದು, ಬಂಧುವೊಬ್ಬ ಬಂಧನಕ್ಕೊಳಗಾಗಿರುವುದು ಮುಂತಾದವನ್ನು ಕೈಬಿಡಲು ಸಾಮಾನ್ಯವಾಗಿ ಒಪ್ಪತಕ್ಕ ಕಾರಣಗಳಲ್ಲ ಎಂದು ವಾಷಿಂಗ್ಟನ್ ರಾಜ್ಯ 2018ರಲ್ಲಿ ನಿಯಮ ಮಾಡಿತು. ಅರಿಜೋನ 2022ರಿಂದ ಕಾರಣ ಹೇಳದೆ ಕೈಬಿಡುವ ಹಕ್ಕನ್ನೇ ತೆಗೆದುಹಾಕಿತು. ಇದಕ್ಕೂ ಬೆಲೆಯಿದೆ: ಮನಸ್ಸಿನಲ್ಲಿ ವಿಷವಿಟ್ಟುಕೊಂಡು ಬಾಯಲ್ಲಿ ಸಭ್ಯ ಮಾತಾಡುವ ಜ್ಯೂರರನ್ನು ತೆಗೆಯುವ ಒಂದು ಉಪಾಯ ಆರೋಪಿಯ ವಕೀಲರಿಗೂ ತಪ್ಪಿತು. ಯಾವ ನಿಯಮವೂ ಮನುಷ್ಯನ ಎದೆಯನ್ನು ತೆರೆದು ನೋಡಲಾರದು.

1991ರಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿದ ಒಂದು ಮಾತು ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕಪ್ಪು ಜನರನ್ನು ಜ್ಯೂರಿಯಿಂದ ಕೈಬಿಟ್ಟರೆ ಬಿಳಿಯ ಆರೋಪಿಯೂ ಆಕ್ಷೇಪಿಸಬಹುದು ಎಂದು ಅದು ತೀರ್ಪಿತ್ತಿತು. ಏಕೆಂದರೆ ಅವಮಾನ ಆರೋಪಿಗೆ ಮಾತ್ರ ಆದದ್ದಲ್ಲ. ಕೆಲಸ ಬಿಟ್ಟು, ಕರೆದಾಗ ಬಂದು, ತೀರ್ಪಿಗೆ ನೀನು ಅರ್ಹನಲ್ಲ ಎನಿಸಿಕೊಂಡು ಮನೆಗೆ ಹೋದವನಿಗೂ ಆದದ್ದು. ತಾನು ಆರೋಪಿಯಾಗಬಲ್ಲೆ, ತೀರ್ಪು ಹೇಳಲಾರೆ ಎಂಬ ಭಾವನೆ ಒಂದು ಇಡೀ ಸಮುದಾಯದಲ್ಲಿ ಬೇರೂರಿದರೆ, ಆ ನ್ಯಾಯಾಲಯದ ಸರಿಯಾದ ತೀರ್ಪುಗಳನ್ನೂ ಅವರು ನಂಬಲಾರರು. ನಂಬಿ ಎಂದು ಅವರಿಗೆ ಹೇಳುವ ಹಕ್ಕು ಉಳಿದವರಿಗೂ ಇರುವುದಿಲ್ಲ.