ಹಸಿವು ಹೊಟ್ಟೆಯದೋ, ಮನಸ್ಸಿನದೋ?



ಊಟದ ವಿಷಯವನ್ನು ದೇವರ ಸನ್ನಿಧಿಗೆ ಒಯ್ಯಲು ನಾವು ಯಾಕೋ ಸಂಕೋಚಪಡುತ್ತೇವೆ. ಕೋಪ, ಸುಳ್ಳು, ಭಾನುವಾರದ ಪೂಜೆ ತಪ್ಪಿಸಿದ್ದು ಇವಕ್ಕೆಲ್ಲ ಒಂದೊಂದು ಹೆಸರಿದೆ. ಆದರೆ ಮನಸ್ಸಿಗೆ ನೋವಾದಾಗಲೆಲ್ಲ ಹಸಿವಿಲ್ಲದಿದ್ದರೂ ತಿನ್ನುವುದು, ತಿಂದ ಮೇಲೆ ಕನ್ನಡಿಯ ಮುಂದೆ ನಿಂತು ತನ್ನ ದೇಹವನ್ನೇ ಶಪಿಸುವುದು, ಇದಕ್ಕೇನು ಹೆಸರು? ಇದು ಪಾಪವೇ? ಕಾಯಿಲೆಯೇ? ಬರೀ ದುರಭ್ಯಾಸವೇ? ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಬಾಯಿಬಿಡದೆ ಕುಳಿತಿದೆ.

ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಹಗಲೆಲ್ಲ ಮನೆಮಂದಿಯ ಸೇವೆ. ಗಂಡ ಮಾತನಾಡುವುದು ಕಡಿಮೆ, ಮಗ ದೂರದ ಊರಿನಲ್ಲಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆಕೆ ಅಡುಗೆಮನೆಯ ದೀಪ ಹಾಕದೆ ಡಬ್ಬಿ ತೆರೆಯುತ್ತಾಳೆ. ಹಬ್ಬಕ್ಕೆ ಮಾಡಿ ಉಳಿದ ಕಜ್ಜಾಯ ಒಂದಾಯಿತು, ಎರಡಾಯಿತು, ಡಬ್ಬಿಯೇ ಖಾಲಿಯಾಯಿತು. ಬೆಳಿಗ್ಗೆ ಆಕೆಗೆ ತನ್ನ ಮೇಲೇ ಹೇಸಿಗೆ. ಇಂದು ಏನೂ ತಿನ್ನುವುದಿಲ್ಲ ಎಂಬ ಶಪಥ. ಬರಿಹೊಟ್ಟೆಯಲ್ಲಿ ದುಡಿದು ಬಳಲಿದ ದೇಹ ರಾತ್ರಿ ಮತ್ತೆ ಅದೇ ಡಬ್ಬಿಯ ಬಳಿ ಬರುತ್ತದೆ. ದುಃಖ, ತಿನ್ನುವುದು, ನಾಚಿಕೆ, ಶಪಥ, ಮತ್ತೆ ಹಸಿವು: ಹೀಗೆ ಗಾಣದ ಸುತ್ತು. ಕೊನೆಗೆ ಪರಮಪ್ರಸಾದದ ಸಾಲಿನಲ್ಲಿ ನಿಲ್ಲುವುದಕ್ಕೂ ತಾನು ಯೋಗ್ಯಳಲ್ಲ ಎಂದು ಆಕೆ ಹಿಂದಿನ ಬೆಂಚಿನಲ್ಲೇ ಉಳಿದುಬಿಡುತ್ತಾಳೆ.

ಆಕೆಗೆ ನಾವು ಏನು ಹೇಳಬೇಕು? ಹೊಟ್ಟೆಬಾಕತನ ಏಳು ಮೂಲಪಾಪಗಳಲ್ಲಿ ಒಂದು ಎಂದು ನಾವೆಲ್ಲ ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಆದರೆ ಅದರ ಅರ್ಥವನ್ನು ಸರಿಯಾಗಿ ಕಲಿತೆವೇ? 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು, ಮಹಾ ಗ್ರೆಗೊರಿಯವರನ್ನು ಅನುಸರಿಸಿ, ಈ ಪಾಪಕ್ಕೆ ಐದು ಬಗೆಗಳನ್ನು ಹೇಳುತ್ತಾರೆ. ಹೊತ್ತಿಗೆ ಮುಂಚೆ ತಿನ್ನುವುದು, ಬೆಲೆಬಾಳುವ ಪದಾರ್ಥವೇ ಬೇಕೆನ್ನುವುದು, ಅಳತೆ ಮೀರುವುದು, ಆತುರದಿಂದ ಕಬಳಿಸುವುದು, ಅಡುಗೆ ಹೀಗೆಯೇ ಇರಬೇಕೆಂದು ಅತಿಯಾಗಿ ಹಟ ಹಿಡಿಯುವುದು. ಇವುಗಳಲ್ಲಿ ದೇಹದ ತೂಕದ ಮಾತೇ ಇಲ್ಲ! ದೋಷವಿರುವುದು ಮಿತಿಮೀರಿದ ಆಸೆಯಲ್ಲಿ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಹೆಂಡತಿಯ ಮೇಲೆ ತಟ್ಟೆ ಎಸೆಯುವ ತೆಳ್ಳನೆಯ ಗಂಡಸು ಈ ಪಟ್ಟಿಯಲ್ಲಿದ್ದಾನೆ. ಥೈರಾಯ್ಡ್ ತೊಂದರೆಯಿಂದಲೋ ಸ್ಟೀರಾಯ್ಡ್ ಔಷಧಿಯಿಂದಲೋ ದಪ್ಪಗಾದ ಹೆಣ್ಣುಮಗಳು ಇದರಲ್ಲಿ ಇಲ್ಲ. ಯಾರದೇ ಮೈಕಟ್ಟು ನೋಡಿ ಅವರ ಆತ್ಮದ ಲೆಕ್ಕ ಹಾಕಲು ನಮಗೆ ಅಧಿಕಾರವಿಲ್ಲ.

ಇನ್ನು, ಬೇಕೆಂದೇ ಮಾಡಿದ ತಪ್ಪಿಗೂ ತಡೆಯಲಾಗದೆ ನಡೆದುಹೋದದ್ದಕ್ಕೂ ವ್ಯತ್ಯಾಸವಿದೆ. 1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಪ್ರಕಟಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 1735ನೆಯ ಸಂಖ್ಯೆ ಇದನ್ನು ಸ್ಪಷ್ಟಪಡಿಸುತ್ತದೆ: ಭಯ, ರೂಢಿ ಮತ್ತು ಮಾನಸಿಕ ಕಾರಣಗಳು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಹುದು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು. ಹತೋಟಿ ತಪ್ಪಿ ಮತ್ತೆ ಮತ್ತೆ ತಿನ್ನುವುದನ್ನು ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸಿತು. ಆದ್ದರಿಂದ ಆ ತಾಯಿ ತನ್ನನ್ನು ಮಹಾಪಾಪಿಯೆಂದು ತಾನೇ ತೀರ್ಪು ಕೊಟ್ಟುಕೊಳ್ಳುವ ಮೊದಲು, ಕರುಣಾಮಯನಾದ ನ್ಯಾಯಾಧಿಪತಿಯ ಮಾತನ್ನು ಕೇಳಲಿ.

ಹಾಗಾದರೆ ಇದರಲ್ಲಿ ನಮ್ಮ ಪ್ರಯತ್ನಕ್ಕೆ ಕೆಲಸವೇ ಇಲ್ಲವೇ? ಇದೆ. ದುಃಖಕ್ಕೆ ಮದ್ದೇನು ಎಂದೂ ಅಕ್ವಿನಾಸರು ಕೇಳಿಕೊಂಡಿದ್ದರು. ಅವರು ಕೊಟ್ಟ ಉತ್ತರ ಐದು: ಮನಸ್ಸಿಗೆ ಹಿತ ಕೊಡುವ ಸಂಗತಿ, ಕಣ್ಣೀರು, ಸ್ನೇಹಿತರ ಮರುಕ, ಸತ್ಯದ ಧ್ಯಾನ, ಹಾಗೂ ನಿದ್ದೆ ಮತ್ತು ಸ್ನಾನ. ಅಷ್ಟು ದೊಡ್ಡ ದೈವಶಾಸ್ತ್ರಜ್ಞರು ಸ್ನಾನವನ್ನೂ ಮರೆಯಲಿಲ್ಲ! ಸಿಹಿ ತಿಂದರೆ ಸ್ವಲ್ಪ ಸಮಾಧಾನವಾಗುವುದು ಸುಳ್ಳಲ್ಲ, ಅದು ಮೊದಲನೆಯ ಮದ್ದಿಗೆ ಸೇರಿದ್ದು. ಆದರೆ ಉಳಿದ ನಾಲ್ಕರ ಕೆಲಸವನ್ನೂ ಒಂದು ಕಜ್ಜಾಯದ ಮೇಲೆ ಹೊರಿಸಿದರೆ ಅದೇನು ಮಾಡೀತು? ಅಳಬೇಕಾದವರು ಅಳದೆ, ಹೇಳಿಕೊಳ್ಳಬೇಕಾದವರು ಹೇಳಿಕೊಳ್ಳದೆ, ದಣಿದವರು ಮಲಗದೆ ಇರುವಾಗ ಬಾಯಿ ಮಾತ್ರ ಕೆಲಸ ಮಾಡುತ್ತದೆ.

ಪ್ರವಾದಿ ಎಲೀಯನನ್ನು ನೆನಪಿಸಿಕೊಳ್ಳಿ. ಅರಸರ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಅವನು ಮರುಭೂಮಿಯ ಗಿಡವೊಂದರ ಕೆಳಗೆ ಬಿದ್ದು, ತನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ಆಗ ದೇವರು ಅವನಿಗೆ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ನಿದ್ದೆ ಕೊಟ್ಟರು. ದೂತನ ಕೈಯಲ್ಲಿ ಬಿಸಿಯಾದ ರೊಟ್ಟಿ, ನೀರು ಕಳುಹಿಸಿದರು. ಒಮ್ಮೆಯಲ್ಲ, ಎರಡು ಸಲ. ಆ ಊಟದ ಬಲದಿಂದ ಅವನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ. ನೊಂದವನಿಗೆ ಅನ್ನ ಕೊಡುವುದು ದೇವರದೇ ಕೆಲಸ. ಆದರೆ ಆ ಅನ್ನ ಅವನನ್ನು ಎಬ್ಬಿಸಿ ದೇವರ ಕಡೆಗೆ ನಡೆಸಿತು. ನಮ್ಮ ತಟ್ಟೆಯ ಅನ್ನ ನಮ್ಮನ್ನು ಎಬ್ಬಿಸುತ್ತಿದೆಯೋ, ಅಡಗಿಸುತ್ತಿದೆಯೋ? ಪರೀಕ್ಷಿಸಿಕೊಳ್ಳಬೇಕಾದದ್ದು ಇಷ್ಟೇ.

ಇನ್ನೊಂದು ಮಾತು. ನಾಚಿಕೆ ಬೇರೆ, ಪಶ್ಚಾತ್ತಾಪ ಬೇರೆ. ಯೂದನಿಗೂ ತನ್ನ ಕೃತ್ಯಕ್ಕೆ ಸಂಕಟವಾಯಿತು, ಪೇತ್ರನಿಗೂ ಆಯಿತು. ಯೂದ ತನ್ನ ಪಾಪವನ್ನೇ ನೋಡುತ್ತಾ ಕತ್ತಲೆಗೆ ಹೋದ. ಪೇತ್ರ ಪ್ರಭುವಿನ ನೋಟವನ್ನು ನೆನೆದು ಅತ್ತ, ಅತ್ತು ಮರಳಿ ಬಂದ. ನಾಚಿಕೆಗೆ ಕಾಣುವುದು ಕನ್ನಡಿ ಮಾತ್ರ. ಪಶ್ಚಾತ್ತಾಪಕ್ಕೆ ಕಾಣುವುದು ಪ್ರಭುವಿನ ಮುಖ.

ಆ ಕನ್ನಡಿಗೂ ಒಂದು ಉತ್ತರವಿದೆ. ಇದೇ ಥಾಮಸ್ ಅಕ್ವಿನಾಸರು ದಪ್ಪ ಮೈಯವರು, ಮಾತು ಕಡಿಮೆ. ಸಹಪಾಠಿಗಳು ಅವರನ್ನು ಮೂಕ ಎತ್ತು ಎಂದು ಗೇಲಿ ಮಾಡುತ್ತಿದ್ದರಂತೆ. ಈ ಎತ್ತಿನ ಕೂಗು ಒಂದು ದಿನ ಜಗತ್ತಿಗೇ ಕೇಳಿಸುತ್ತದೆ ಎಂದು ಗುರುಗಳಾದ ಮಹಾ ಆಲ್ಬರ್ಟರು ನುಡಿದರೆಂಬುದು ಪರಂಪರೆಯ ಮಾತು. ಹಾಗೆಯೇ ಆಯಿತು. ದೇಹ ಆತ್ಮದ ಸೆರೆಮನೆಯಲ್ಲ, ಆತ್ಮವೊಂದೇ ಇಡೀ ಮನುಷ್ಯನೂ ಅಲ್ಲ ಎಂದು ಬೋಧಿಸಿದವರು ಅವರೇ. ಸತ್ತು ಎದ್ದ ನಮ್ಮ ಪ್ರಭು ಶಿಷ್ಯರ ಮುಂದೆ ಸುಟ್ಟ ಮೀನು ತಿಂದರು, ತಮ್ಮ ಗಾಯದ ಗುರುತುಗಳನ್ನು ತೋರಿಸಿದರು. ಮಹಿಮೆಯ ದೇಹದಲ್ಲಿಯೂ ಗಾಯದ ಕಲೆಗೆ ಜಾಗವಿದೆ ಎಂದ ಮೇಲೆ, ಹೆರಿಗೆಯಿಂದ ಸಡಿಲವಾದ ನಿಮ್ಮ ಹೊಟ್ಟೆಗೆ, ದುಡಿದು ದಪ್ಪಗಾದ ನಿಮ್ಮ ಕೈಗಳಿಗೆ ಜಾಗವಿಲ್ಲವೇ? ದೇಹದ ಅಂದವನ್ನೇ ದೇವರನ್ನಾಗಿ ಪೂಜಿಸುವುದನ್ನು ಧರ್ಮೋಪದೇಶ ಎಚ್ಚರಿಸಿ ತಡೆಯುತ್ತದೆ (2289).

ನಾವು ಮಿಕ್ಕವರೂ ನಮ್ಮ ನಾಲಗೆಯನ್ನು ಪರೀಕ್ಷಿಸಿಕೊಳ್ಳಬೇಕು. ಪೂಜೆ ಮುಗಿದು ಹೊರಗೆ ಬರುತ್ತಲೇ "ಎಷ್ಟು ದಪ್ಪ ಆಗಿಬಿಟ್ಟೆಯಲ್ಲೇ! ಹೀಗಾದರೆ ಯಾರು ಮದುವೆಯಾಗುತ್ತಾರೆ?" ಎನ್ನುವ ಅತ್ತೆ ಚಿಕ್ಕಮ್ಮಂದಿರು ಎಲ್ಲ ಊರಲ್ಲಿದ್ದಾರೆ. ತಮಾಷೆಯೆಂದು ಆಡಿದ ಆ ಮಾತು ಒಂದು ಹುಡುಗಿಯನ್ನು ಬಾಗಿಲು ಹಾಕಿಕೊಂಡು ತಿನ್ನುವಂತೆಯೋ, ತಿಂದದ್ದನ್ನು ವಾಂತಿ ಮಾಡಿಕೊಳ್ಳುವಂತೆಯೋ ಮಾಡೀತು. ಯಾಯೀರನ ಮಗಳನ್ನು ಎಬ್ಬಿಸಿದ ಯೇಸುಸ್ವಾಮಿ ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದರು. ನಾವು ಅವಳ ತಟ್ಟೆಯನ್ನು ಎಣಿಸುತ್ತಿದ್ದೇವೆ.

ಈಗ ಮಾಡಬೇಕಾದದ್ದೇನು? ಡಬ್ಬಿ ತೆರೆಯುವ ಮುನ್ನ ಒಂದು ಕ್ಷಣ ನಿಂತು, ಇದು ಯಾವ ಹಸಿವು ಎಂದು ಪ್ರಭುವಿನ ಮುಂದೆ ಕೇಳಿಕೊಳ್ಳಿ. ಹೊಟ್ಟೆಯದಾದರೆ ತಟ್ಟೆಗೆ ಬಡಿಸಿಕೊಂಡು, ದೀಪ ಹಾಕಿ, ಶಿಲುಬೆಯ ಗುರುತು ಮಾಡಿ ಕುಳಿತು ಉಣ್ಣಿ. ಮನಸ್ಸಿನದಾದರೆ ಆ ನೋವಿನ ಹೆಸರನ್ನು ಹೇಳಿ: "ಸ್ವಾಮಿ, ಇಂದು ನನ್ನ ಮಗ ಫೋನ್ ಮಾಡಲಿಲ್ಲ." ಅದೂ ಪ್ರಾರ್ಥನೆಯೇ. ಹೊತ್ತು ಹೊತ್ತಿಗೆ ಊಟ ಬಿಡಬೇಡಿ, ಹಟದ ಪಥ್ಯ ಮತ್ತೆ ಅದೇ ಗಾಣಕ್ಕೆ ಕಟ್ಟುತ್ತದೆ. ತಪಸ್ಸುಕಾಲದ ಉಪವಾಸ ತೂಕ ಇಳಿಸುವ ಉಪಾಯವಲ್ಲ. ಕಾಯಿಲೆಯವರಿಗೆ ಅದರ ಕಡ್ಡಾಯವೂ ಇಲ್ಲ, ಅವರು ನಿಮ್ಮ ಗುರುಗಳನ್ನು ಕೇಳಿ ಬೇರೊಂದು ತ್ಯಾಗ ಆರಿಸಿಕೊಳ್ಳಲಿ. ಹತೋಟಿ ತಪ್ಪಿದೆ ಅನ್ನಿಸಿದರೆ, ತಿಂದು ವಾಂತಿ ಮಾಡುವ ಅಭ್ಯಾಸವಿದ್ದರೆ, ವೈದ್ಯರ ಬಳಿ ಹೋಗಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಕೊನೆಯದಾಗಿ, ಹಿಂದಿನ ಬೆಂಚಿನಲ್ಲಿ ಉಳಿದ ತಾಯಿಗೆ ಒಂದು ಮಾತು. ಅಮ್ಮಾ, ಮನಸ್ಸಿಗೆ ಭಾರವೆನಿಸಿದರೆ ಪಾಪನಿವೇದನೆಗೆ ಬನ್ನಿ, ಅಲ್ಲಿ ನಿಮ್ಮನ್ನು ತೂಗಲು ಯಾರೂ ಕುಳಿತಿಲ್ಲ. ಆಮೇಲೆ ಎದ್ದು ಸಾಲಿಗೆ ಬನ್ನಿ. ನಮ್ಮ ಪ್ರಭು ನಮಗಾಗಿ ತಮ್ಮನ್ನೇ ರೊಟ್ಟಿಯಾಗಿ ಕೊಟ್ಟದ್ದು, ಹಸಿದವರು ಬರಲೆಂದೇ.