ವಾರ್ತೆಯ ಪೂರ್ವಪಕ್ಷ

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಬಡಾವಣೆಗಳಲ್ಲಿ ಬೀದಿಗೆ ಒಂದೆರಡರಂತೆ ಹಬ್ಬಿಕೊಂಡಿರುವ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಲ್ಲಿ ಓದುತ್ತಿರುವ ಯಾವ ತರುಣನ ಟಿಪ್ಪಣಿ ಪುಸ್ತಕವನ್ನು ತೆರೆದರೂ, ಪುಟದ ನೆತ್ತಿಯಲ್ಲಿ ‘ಸುದ್ದಿಯಲ್ಲಿ ಏಕೆ?’ ಎಂಬ ಪ್ರಶ್ನೆಯೂ, ಅದರ ಕೆಳಗೆ ಎರಡು ಸಾಲಿನ ಉತ್ತರವೂ, ಅದಕ್ಕೂ ಕೆಳಗೆ ‘ಹಿನ್ನೆಲೆ’ ಎಂಬ ಶೀರ್ಷಿಕೆಯಡಿಯಲ್ಲಿ ನಾಲ್ಕಾರು ಇಸವಿಗಳೂ ಕಾಣಸಿಗುತ್ತವೆ. ಕಾವೇರಿಯ ವಿಷಯವಾದರೆ ಆ ಇಸವಿಗಳು 1892, 1924, 1974, 1990, 2007, 2018. ಇತ್ತ ರಾಜಾಜಿನಗರ, ಬಸವೇಶ್ವರನಗರಗಳ ಪ್ರೌಢಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಾದ ಬಳಿಕ ಹುಡುಗಿಯೊಬ್ಬಳು ಪತ್ರಿಕೆಯ ಮುಖ್ಯಾಂಶಗಳನ್ನು ಓದಿ ಹೇಳುತ್ತಾಳೆ. ಸಾಲುಗಟ್ಟಿ ತರಗತಿಗೆ ಹೋದ ಮೇಲೆ ಮೊದಲ ಪಿರಿಯಡ್ಡಿನಲ್ಲಿ ಆಂಗ್ಲೋ-ಮೈಸೂರು ಯುದ್ಧಗಳ ಕಾರಣ ಮತ್ತು ಪರಿಣಾಮಗಳು ಪ್ರಾರಂಭವಾಗುತ್ತವೆ. ಅಂಗಳದಲ್ಲಿ ಕೇಳಿದುದಕ್ಕೂ ತರಗತಿಯಲ್ಲಿ ಬರೆದುಕೊಂಡುದಕ್ಕೂ ಏನಾದರೂ ಸಂಬಂಧವಿರಬಹುದೆ ಎಂಬ ಸಂಶಯ ಅವಳಿಗೆ ಹುಟ್ಟುವುದು ಅಪರೂಪ; ಹುಟ್ಟಿದರೂ ಅದಕ್ಕೆ ಅಂಕಗಳಿಲ್ಲ.

ಸಂಬಂಧವನ್ನು ಕಲ್ಪಿಸಬೇಕೆಂಬ ವಿಷಯದಲ್ಲಿ ಈಚೆಗೆ ಯಾರಿಗೂ ಭಿನ್ನಾಭಿಪ್ರಾಯವಿದ್ದಂತೆ ತೋರುವುದಿಲ್ಲ. ಪತ್ರಿಕಾ ತುಣುಕುಗಳನ್ನು ಅಂಟಿಸಿ ತರುವ ‘ಚಟುವಟಿಕೆ’ಗಳಿವೆ, ಭಿತ್ತಿಪತ್ರಿಕೆಗಳಿವೆ, ರಸಪ್ರಶ್ನೆಗಳಿವೆ. ಆದರೆ ವರ್ತಮಾನದ ವಾರ್ತೆಯನ್ನು ಗತಕಾಲದ ಪಾಠಕ್ಕೆ ಜೋಡಿಸುವ ಆ ಕೊಂಡಿ ಯಾವ ಜಾತಿಯದಾಗಿರಬೇಕು ಎಂಬುದನ್ನು ವಿಚಾರಿಸಿದವರು ಕಡಮೆ; ಕೊಂಡಿ ತಪ್ಪಾದಲ್ಲಿ ಅದು ಇಲ್ಲದಿರುವುದೇ ಮೇಲು ಎಂಬುದನ್ನು ಯೋಚಿಸಿದವರು ಇನ್ನೂ ಕಡಮೆ.

ನಮಗೆ ಅತ್ಯಂತ ಸುಲಭವಾಗಿ ಒದಗುವ ಕೊಂಡಿ ಸಾದೃಶ್ಯದ್ದು. ಪಕ್ಷಾಂತರ ಮಾಡಿದ ಶಾಸಕನ ಚಿತ್ರವನ್ನು ಕಂಡೊಡನೆ 1799ರ ಮೀರ್ ಸಾದಿಕನ ನೆನಪು, ಬೆಲೆಯೇರಿಕೆಯ ಸುದ್ದಿ ಬಂದೊಡನೆ 1789ರ ಪ್ಯಾರಿಸ್ಸಿನ ನೆನಪು, ಮಿತ್ರಪಕ್ಷಗಳೆಲ್ಲ ಒಂದಾಗಿ ಒಬ್ಬನನ್ನು ಸೋಲಿಸಿದರೆ 1565ರ ತಾಳೀಕೋಟೆ. ಹಂಪಿನಗರವೆಂದೂ ವಿಜಯನಗರವೆಂದೂ ಹೆಸರಿಟ್ಟುಕೊಂಡ ಬಡಾವಣೆಗಳಲ್ಲಿ ಬೆಳೆದ ಮಕ್ಕಳಿಗೆ ತಾಳೀಕೋಟೆ ಬಾಯಿಗೆ ಬರುವುದು ಸಹಜವೇ. ನಮ್ಮ ನೈಯಾಯಿಕರು ಉಪಮಾನವನ್ನು ಪ್ರಮಾಣಗಳಲ್ಲೊಂದಾಗಿ ಎಣಿಸಿದ್ದರೂ ಅದಕ್ಕೆ ಕೊಟ್ಟ ಅಧಿಕಾರ ಬಹಳ ಮಿತವಾದುದೆಂಬುದನ್ನು ಇಲ್ಲಿ ನೆನೆಯಬೇಕು. ಹಸುವನ್ನು ಹೋಲುವ ಪ್ರಾಣಿಯೇ ಗವಯವೆಂದು ಅರಣ್ಯವಾಸಿಯಿಂದ ಕೇಳಿ ತಿಳಿದ ನಾಗರಿಕನು ಮುಂದೊಮ್ಮೆ ಕಾಡಿನಲ್ಲಿ ಅಂತಹ ಮೃಗವನ್ನು ಕಂಡು ‘ಗವಯವೆಂಬುದು ಇದೇ’ ಎಂದು ಅರಿಯುತ್ತಾನೆ. ಆ ಅರಿವು ಹೆಸರಿಗೂ ಹೆಸರುಳ್ಳ ವಸ್ತುವಿಗೂ ಇರುವ ಸಂಬಂಧದ ಅರಿವು, ಅಷ್ಟೆ. ಆ ಮೃಗ ಏನನ್ನು ಮೇಯುತ್ತದೆ, ಎಲ್ಲಿ ನೀರು ಕುಡಿಯುತ್ತದೆ, ಯಾವಾಗ ಕೆರಳಿ ಹಾಯುತ್ತದೆ ಎಂಬುದನ್ನು ತಿಳಿಯಬೇಕಾದರೆ ಬೇರೆ ಪ್ರಮಾಣಗಳನ್ನೇ ಆಶ್ರಯಿಸಬೇಕು. ವಾರ್ತೆಯನ್ನು ಇತಿಹಾಸಕ್ಕೆ ಹೋಲಿಸಿದ ವಿದ್ಯಾರ್ಥಿ ಅದಕ್ಕೆ ಒಂದು ಹೆಸರನ್ನು ಕೊಟ್ಟಿದ್ದಾನೆ. ಅದನ್ನು ತಿಳಿದಿದ್ದಾನೆಂದು ಹೇಳಲಾಗದು.

ಹೆಸರಿಡುವುದರಿಂದ ಹಾನಿಯೇನು ಎಂದು ಕೇಳುವವರು 2016ರ ಸೆಪ್ಟೆಂಬರ್ 12ರ ಸೋಮವಾರವನ್ನು ಸ್ಮರಿಸಿಕೊಳ್ಳಬಹುದು. ತಮಿಳುನಾಡಿಗೆ ಹತ್ತು ದಿನಗಳ ಕಾಲ 15,000 ಕ್ಯೂಸೆಕ್‌ನಂತೆ ನೀರು ಬಿಡಬೇಕೆಂದು ಆ ತಿಂಗಳ 5ರಂದು ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತ್ತು. 9ರಂದು ರಾಜ್ಯವೆಲ್ಲ ಬಂದ್ ಆಗಿತ್ತು. 12ರಂದು ನ್ಯಾಯಾಲಯವು ಪ್ರಮಾಣವನ್ನು 12,000 ಕ್ಯೂಸೆಕ್‌ಗೆ ಇಳಿಸಿ ಅವಧಿಯನ್ನು 20ರವರೆಗೆ ಬೆಳೆಸಿತು. ಅಂದು ಮಧ್ಯಾಹ್ನದಿಂದ ಮೈಸೂರು ರಸ್ತೆಯ ಆಸುಪಾಸಿನಲ್ಲಿ ಲಾರಿಗಳು ಸುಟ್ಟವು, ಡಿಪೋವೊಂದರಲ್ಲಿ ನಿಂತಿದ್ದ ತಮಿಳುನಾಡಿನ ಹತ್ತಾರು ಬಸ್ಸುಗಳು ಸುಟ್ಟವು, ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ತರುಣ ಬಲಿಯಾದ; ಸಂಜೆಗೆ ಹದಿನಾರು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಗೆ ಬಂದಿತು. ರಾಜಾಜಿನಗರ, ವಿಜಯನಗರ, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಬ್ಯಾಟರಾಯನಪುರ, ಕೆಂಗೇರಿ: ಆ ಪಟ್ಟಿಯನ್ನು ಓದಿದರೆ ನಗರದ ಪಶ್ಚಿಮಭಾಗದ ನಕಾಶೆಯನ್ನೇ ಓದಿದಂತಾಗುತ್ತಿತ್ತು. ಆ ಹೊತ್ತು ದೂರದರ್ಶನದ ಪರದೆಗಳ ಮೇಲೆಯೂ ಮನೆಮನೆಯ ಜಗುಲಿಗಳ ಮೇಲೆಯೂ ಪುನಃ ಪುನಃ ಕೇಳಿಬಂದ ಐತಿಹಾಸಿಕ ವಾಕ್ಯ ಒಂದೇ: ‘ಇದು 1991ರಂತೆಯೇ.’

ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ತರುವಾಯ 1991ರ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳರ ಮೇಲೆ ನಡೆದ ಹಿಂಸೆಯನ್ನು ಕುರಿತ ಮಾತು ಅದು. ಹೋಲಿಕೆಯೇನೋ ಸುಳ್ಳಲ್ಲ. ಆದರೆ ಅದರ ಕಾರ್ಯವನ್ನು ಗಮನಿಸಬೇಕು: ಹೇಳಿದವನಿಗೆ ತಾನು ಇತಿಹಾಸಜ್ಞನೆಂಬ ತೃಪ್ತಿಯನ್ನು ಅದು ಕೊಟ್ಟಿತು, ಕೇಳಿದ ತಮಿಳು ಕುಟುಂಬಗಳಿಗೆ ಬಾಗಿಲು ಭದ್ರಪಡಿಸಿಕೊಳ್ಳುವ ಭಯವನ್ನು ಕೊಟ್ಟಿತು, ಬೀದಿಯಲ್ಲಿ ನಿಂತಿದ್ದ ಹುಡುಗರಿಗೆ, ಇಂತಹ ದಿನಗಳಲ್ಲಿ ಏನು ಮಾಡುವುದು ರೂಢಿ ಎಂಬುದರ ಪೂರ್ವನಿದರ್ಶನವನ್ನು ಕೊಟ್ಟಿತು. ‘ಹಿಂದೆ ಹೀಗಾಗಿತ್ತು’ ಎಂಬ ವರ್ಣನೆ ‘ಹೀಗಾಗತಕ್ಕದ್ದು’ ಎಂಬ ವಿಧಿಯಾಗಲು ಬಹಳ ಹೊತ್ತು ಬೇಕಾಗುವುದಿಲ್ಲ. ಇತಿಹಾಸ ಮರುಕಳಿಸುತ್ತದೆಂದು ಮಕ್ಕಳಿಗೆ ಭಾಷಣ ಮಾಡುವವರು, ಅದು ಮರುಕಳಿಸುವಂತೆ ಮಾಡುವವರು ಬಹುಮಟ್ಟಿಗೆ ಹಾಗೆ ನಂಬಿದವರೇ ಎಂಬುದನ್ನು ಮರೆಯುತ್ತಾರೆ.

ನಾನು ಬೇಡುವ ಕೊಂಡಿ ವಂಶಾವಳಿಯದ್ದು. ಈ ವಾರ್ತೆ ಯಾವುದನ್ನು ಹೋಲುತ್ತದೆ ಎಂದು ಕೇಳುವುದಕ್ಕೆ ಮೊದಲು ಯಾವುದರಿಂದ ಹುಟ್ಟಿತು ಎಂದು ಕೇಳುವುದು. ಹುಟ್ಟಿದ ಎಡೆಗೆ ಹೋಗಿ, ಅಲ್ಲಿದ್ದವರ ಕಣ್ಣಿಗೆ ಕಾಣುತ್ತಿದ್ದಷ್ಟನ್ನೇ ತಾನೂ ಕಾಣಲು ಯತ್ನಿಸುವುದು. ‘ಹಿನ್ನೆಲೆ’ಯ ಕೆಳಗಿನ ಆ ಇಸವಿಗಳಲ್ಲಿ 1924ನ್ನು ಮಾತ್ರ ತೆಗೆದುಕೊಳ್ಳೋಣ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ದೊಡ್ಡ ಅಣೆಕಟ್ಟನ್ನು ಕಲ್ಪಿಸಿದಾಗ, 1892ರ ಒಪ್ಪಂದದ ಪ್ರಕಾರ ಮದ್ರಾಸ್ ಸರ್ಕಾರದ ಸಮ್ಮತಿಯಿಲ್ಲದೆ ಹೊಸ ಜಲಾಶಯವನ್ನು ಕಟ್ಟುವಂತಿರಲಿಲ್ಲ. ಮದ್ರಾಸ್ ಒಪ್ಪಿದ್ದು 11 ಟಿಎಂಸಿ ಅಡಿಯ ಚಿಕ್ಕ ಜಲಾಶಯಕ್ಕೆ. ಮೈಸೂರು ಅಡಿಪಾಯ ಹಾಕಿದ್ದು ಪೂರ್ಣಪ್ರಮಾಣದ ಕಟ್ಟೆಗೆ. ವಿವಾದ ಗ್ರಿಫಿನ್ ಎಂಬ ನ್ಯಾಯಾಧೀಶನ ಮಧ್ಯಸ್ಥಿಕೆಗೆ ಹೋಗಿ, 1914ರ ತೀರ್ಪು ಮೈಸೂರಿಗೆ ಅನುಕೂಲವಾಗಿ ಬಂದರೂ ಮದ್ರಾಸ್ ಅದನ್ನು ಲಂಡನ್ನಿನವರೆಗೆ ಕೊಂಡೊಯ್ದುದರಿಂದ ಜಗ್ಗಾಟ ಇನ್ನೂ ಹತ್ತು ವರ್ಷ ನಡೆದು, 1924ರ ಫೆಬ್ರುವರಿ 18ರಂದು ಒಪ್ಪಂದವಾಯಿತು. ಕಟ್ಟೆ 124 ಅಡಿಗೆ ಏರಿತು. ಕೆಳಗಡೆ ಮದ್ರಾಸಿನವರೂ 1934ರಲ್ಲಿ ಮೆಟ್ಟೂರಿನ ಜಲಾಶಯವನ್ನು ಮುಗಿಸಿಕೊಂಡರು. ಐವತ್ತು ವರ್ಷಗಳ ಬಳಿಕ ಪುನರ್ವಿಮರ್ಶೆ ಎಂಬ ಮಾತೂ ಆ ಒಪ್ಪಂದದಲ್ಲಿತ್ತು. ಇಷ್ಟನ್ನು ತಿಳಿದ ವಿದ್ಯಾರ್ಥಿ ಒಂದು ಸಣ್ಣ ಗಣಿತವನ್ನೂ ಮಾಡಲಿ: 15,000 ಕ್ಯೂಸೆಕ್ ಎಂದರೆ ದಿನಕ್ಕೆ ಸುಮಾರು 1.3 ಟಿಎಂಸಿ, ಹತ್ತು ದಿನಕ್ಕೆ 13. ಕನ್ನಂಬಾಡಿಯ ಪೂರ್ಣಸಾಮರ್ಥ್ಯವೋ ಸುಮಾರು 49. ವಾರ್ತೆಯಲ್ಲಿ ಅಬ್ಬರಿಸುತ್ತಿದ್ದ ಅಂಕಿಗೆ ಆಗ ಒಂದು ಅಳತೆ ಬರುತ್ತದೆ. ಆ ಅಳತೆಯಿಂದ ಕೋಪ ತಗ್ಗಬೇಕೆಂದಿಲ್ಲ, ಹೆಚ್ಚಲೂಬಹುದು. ಆದರೆ ಅದು ಏನನ್ನು ಕುರಿತ ಕೋಪವೆಂಬುದು ಸ್ಪಷ್ಟವಾಗುತ್ತದೆ.

ಇಷ್ಟಕ್ಕೇ ನಿಂತರೂ ಪಾಠ ಅರ್ಧವೇ. ನಮ್ಮ ಶಾಸ್ತ್ರಕಾರರು ತಮ್ಮ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ವಾದವನ್ನು ಪೂರ್ವಪಕ್ಷವೆಂದು ಕರೆದು, ಆ ಎದುರಾಳಿಯೇ ಬಂದು ಕೇಳಿದರೂ ‘ಹೌದು, ನನ್ನ ಮಾತು ಇದೇ’ ಎನ್ನುವಂತೆ ವಿಸ್ತರಿಸುತ್ತಿದ್ದರು. ವಾರ್ತೆಗೆ ಈ ಶಿಸ್ತು ಇಲ್ಲ. ಇರಲು ಅದಕ್ಕೆ ಬಿಡುವೂ ಇಲ್ಲ. ಇತಿಹಾಸದ ಪಾಠ ವಾರ್ತೆಗೆ ಏನನ್ನಾದರೂ ಕೊಡಬಲ್ಲುದಾದರೆ ಅದು ಈ ಪೂರ್ವಪಕ್ಷವನ್ನೇ. ಮೈಸೂರು ಒಂದು ಅಧೀನ ಸಂಸ್ಥಾನ, ಮದ್ರಾಸ್ ಸಾರ್ವಭೌಮ ಸರ್ಕಾರದ ಸ್ವಂತ ಪ್ರಾಂತ್ಯ. ಯಜಮಾನನ ಮಗನೊಡನೆ ಒಕ್ಕಲು ಮಾಡಿಕೊಂಡ ಕರಾರು ಎಷ್ಟರ ಮಟ್ಟಿಗೆ ಸಮಾನರ ಕರಾರಾದೀತು ಎಂಬುದು ನಮ್ಮ ಪಕ್ಷ. ಇದನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಹೇಳುತ್ತಾರೆ. ಆದರೆ ಕನ್ನಂಬಾಡಿಯ ಮೊದಲ ಕಲ್ಲು ಬೀಳುವುದಕ್ಕೆ ಶತಮಾನಗಳ ಹಿಂದೆಯೇ ಚೋಳರ ಕಲ್ಲಣೈಯಿಂದ ನೀರುಂಡು ಬತ್ತ ಬೆಳೆಯುತ್ತಿದ್ದ ತಂಜಾವೂರಿನ ಬಯಲಿತ್ತು, ಆ ಬಯಲಿನ ರೈತನಿಗೆ ನದಿ ಯಾರ ದಯೆಯಿಂದಲೂ ಬಂದುದಾಗಿರದೆ ಅನುಭವದಿಂದ ಬಂದ ಹಕ್ಕಾಗಿತ್ತು, ಮೇಲೆ ಕಟ್ಟುವ ಪ್ರತಿಯೊಂದು ಕಲ್ಲೂ ಅವನ ಕುರುವೈ ಬೆಳೆಯ ಮೇಲೆ ಬೀಳುವ ಕಲ್ಲಾಗಿ ಕಂಡಿತು ಎಂಬುದನ್ನು ಅಷ್ಟೇ ಚೆನ್ನಾಗಿ ಹೇಳಬಲ್ಲ ಮಗು ನಮ್ಮ ತರಗತಿಗಳಲ್ಲಿ ಎಷ್ಟು ಮಂದಿಯಲ್ಲಿ ಒಬ್ಬರೋ. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಸಮಾನರ ಕರಾರೆಂಬ ನಮ್ಮ ವಾದವನ್ನು ಒಪ್ಪಲಿಲ್ಲ. ಒಪ್ಪಂದವು 1974ಕ್ಕೆ ಮುಗಿಯಿತೆಂಬುದನ್ನು ಒಪ್ಪಿತು. ಎರಡು ಪಕ್ಷಗಳನ್ನೂ ಬಲ್ಲವನಿಗೆ ಮಾತ್ರ ಈ ತೀರ್ಪು ತೀರ್ಪಾಗಿ ಅರ್ಥವಾಗುತ್ತದೆ. ಉಳಿದವರಿಗೆ ಅದು ಗೆಲುವು ಅಥವಾ ಸೋಲಿನ ಸುದ್ದಿ.

ಪಶ್ಚಿಮ ಬೆಂಗಳೂರಿನ ಹುಡುಗನಿಗಂತೂ ಈ ವಂಶಾವಳಿ ಅವನ ಬೀದಿಯ ಕೊನೆಯಲ್ಲೇ ಇದೆ. ಬೆಂಗಳೂರು ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಕೊಳ್ಳದಲ್ಲಿದೆಯೆಂದು 2007ರ ಐತೀರ್ಪಿನಲ್ಲಿ ನ್ಯಾಯಮಂಡಳಿ ಲೆಕ್ಕ ಹಿಡಿದಿತ್ತು. ಆ ಲೆಕ್ಕವನ್ನು ಬದಿಗಿಟ್ಟ ಸರ್ವೋಚ್ಚ ನ್ಯಾಯಾಲಯವು ನಗರದ ಕುಡಿಯುವ ನೀರಿಗೆಂದು 4.75 ಟಿಎಂಸಿಯನ್ನೂ ಸೇರಿಸಿ ಕರ್ನಾಟಕದ ಒಟ್ಟು ಪಾಲನ್ನು 284.75ಕ್ಕೆ ಏರಿಸಿತು. ಕೊಳ್ಳದೊಳಗೆ ಸೇರುವ ಭಾಗವೆಂದರೆ ಮುಖ್ಯವಾಗಿ ಈ ಪಶ್ಚಿಮದ ಇಳಿಜಾರು. ಇಲ್ಲಿಯ ಬಚ್ಚಲುಗಳ ನೀರನ್ನು ಹೊತ್ತ ವೃಷಭಾವತಿ, ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ ಹಾದು, ಕೆಂಗೇರಿಯನ್ನು ದಾಟಿ, ಭೈರಮಂಗಲದ ಕೆರೆಯ ಮೂಲಕ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಮೇಲೆತ್ತಿ ತಂದ ಕಾವೇರಿಯನ್ನು ನಾವು ಬಳಸಿ ಕೆಡಿಸಿ ಪುನಃ ಕಾವೇರಿಗೇ ಬಿಡುತ್ತೇವೆ. ಅದು ತಮಿಳುನಾಡಿಗೆ ಹೋಗುತ್ತದೆ. ‘ಒಂದು ಹನಿಯನ್ನೂ ಬಿಡೆವು’ ಎಂದು ಘೋಷಿಸಿದ ದಿನವೂ ಮೋರಿ ನಿಲ್ಲಲಿಲ್ಲ. ಇನ್ನು, ಕರ್ಫ್ಯೂವಿನ ಆ ಪಟ್ಟಿಯಲ್ಲಿದ್ದ ರಾಜಾಜಿನಗರಕ್ಕೆ 1949ರಲ್ಲಿ ತಮ್ಮ ಹೆಸರನ್ನು ಕೊಟ್ಟ ರಾಜಾಜಿಯವರು ಸೇಲಂ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದ್ರಾಸಿನ ಪ್ರಧಾನಿಯಾಗಿ ಆ ಬಳಿಕ ಗವರ್ನರ್ ಜನರಲ್ ಆದ ತಮಿಳರು.

ಕೆಲವು ಆಕ್ಷೇಪಗಳುಂಟು. ಇಂದಿನ ಕಣ್ಣಿನಿಂದ ಹಿಂದನ್ನು ನೋಡುವುದೇ ವಿಕಾರಕ್ಕೆ ದಾರಿ, ಇತಿಹಾಸವನ್ನು ಅದರ ಪಾಡಿಗೆ ಬಿಡಿರಿ ಎಂದು ಪಂಡಿತರು ಎಚ್ಚರಿಸುತ್ತಾರೆ. ವರ್ತಮಾನದ ಯಾವುದೋ ಕಳವಳವಿಲ್ಲದೆ ಇತಿಹಾಸದ ಯಾವ ಪ್ರಶ್ನೆಯೂ ಏಳದು ಎಂದು ಇಟಲಿಯ ದಾರ್ಶನಿಕ ಕ್ರೋಚೆ ವಾದಿಸಿದ್ದುದನ್ನು ಅವರೂ ಬಲ್ಲರು. ಪ್ರಶ್ನೆ ಇಂದಿನದಾಗಿರಲಿ, ಉತ್ತರ ಅಂದಿನದಾಗಿರಲಿ ಎಂಬಷ್ಟು ಕಟ್ಟಳೆಯಿದ್ದರೆ ಈ ಭಯ ಸಾಕಷ್ಟು ನೀಗುತ್ತದೆ. ಪಠ್ಯ ಮುಗಿಸಲೇ ಸಮಯ ಸಾಲದೆಂಬುದು ಉಪಾಧ್ಯಾಯರ ಆಕ್ಷೇಪ. ಅದು ನಿಜ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹೆಚ್ಚು ಗಂಭೀರವಾದುದು ಅವರು ಬಾಯಿಬಿಟ್ಟು ಹೇಳದಿರುವ ಮೂರನೆಯ ಆಕ್ಷೇಪ: ತರಗತಿಯಲ್ಲಿ ಆಡಿದ ಮಾತು ಸಂಜೆಗೆ ಪೋಷಕರ ಮೊಬೈಲಿನಲ್ಲಿರುತ್ತದೆ. 2022ರ ಪಠ್ಯಪುಸ್ತಕ ಪರಿಷ್ಕರಣದಲ್ಲಿ ಒಂಬತ್ತನೆಯ ತರಗತಿಯ ಬಸವಣ್ಣನವರ ಪಾಠವೇ ವಾರ್ತೆಯಾಗಿ, ಮಠಾಧಿಪತಿಗಳಿಂದ ಮುಖ್ಯಮಂತ್ರಿಗಳವರೆಗೆ ಎಲ್ಲರೂ ಅದನ್ನು ಕುರಿತು ಮಾತನಾಡಿದಾಗ, ಬಸವೇಶ್ವರನಗರದ ಉಪಾಧ್ಯಾಯನೊಬ್ಬನು ಪಾಠವನ್ನು ಪುಸ್ತಕದಲ್ಲಿದ್ದಂತೆ ಓದಿಸಿ ಸುಮ್ಮನಾದರೆ ಅವನನ್ನು ಹೇಡಿಯೆನ್ನಲು ನಾನು ಸಿದ್ಧನಿಲ್ಲ. ಆದರೆ ಗಮನಿಸಬೇಕಾದ ಒಂದು ಅಂಶವುಂಟು: ಉಪಾಧ್ಯಾಯನನ್ನು ಅಪಾಯಕ್ಕೆ ಗುರಿಮಾಡುವುದು ಅವನ ಸಿದ್ಧಾಂತ. ಎರಡು ಪಕ್ಷಗಳನ್ನೂ ವಿದ್ಯಾರ್ಥಿಗಳಿಂದಲೇ ಹೇಳಿಸಿ, ತನ್ನ ತೀರ್ಮಾನವನ್ನು ತನ್ನಲ್ಲೇ ಇರಿಸಿಕೊಳ್ಳುವವನ ಮೇಲೆ ದೂರು ಬರೆಯುವುದು ಅಷ್ಟು ಸುಲಭವಲ್ಲ.

ಆದುದರಿಂದ ಉಪಾಧ್ಯಾಯರಲ್ಲಿಯೂ ಪ್ರಶ್ನಪತ್ರಿಕೆಗಳನ್ನು ರಚಿಸುವವರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ: 1924ರ ಒಪ್ಪಂದದ ಷರತ್ತುಗಳನ್ನು ಬರೆಯಿರಿ ಎಂಬ ಪ್ರಶ್ನೆಯ ಜೊತೆಯಲ್ಲಿ, ತಂಜಾವೂರಿನ ರೈತನ ಪಕ್ಷವನ್ನು ಹತ್ತು ವಾಕ್ಯಗಳಲ್ಲಿ ಸಮರ್ಥಿಸಿರಿ ಎಂಬುದನ್ನೂ ಕೇಳಿ, ಎರಡಕ್ಕೂ ಸಮಾನ ಅಂಕಗಳನ್ನು ಕೊಡಿರಿ. 2018ರ ತೀರ್ಪಿನ ಹಂಚಿಕೆ ಹದಿನೈದು ವರ್ಷಗಳಿಗೆ. ಆ ಅವಧಿ 2033ರಲ್ಲಿ ಮುಗಿಯುತ್ತದೆ, ಮತ್ತು ಇಂದು ಪ್ರೌಢಶಾಲೆಯ ಅಂಗಳದಲ್ಲಿ ನಿಂತು ವಾರ್ತೆ ಓದುತ್ತಿರುವವರು ಆಗ ಮತದಾರರಾಗಿರುತ್ತಾರೆ.